ಹೆಸರು ಹೇಳದೆ ನೆಟ್ ಸಿಗುವುದಿಲ್ಲ

ನಾರಿನ್
ನವೆಂಬರ್ ೧೯, ಬುಧವಾರ

ಮೇರಿಮ್‌ಳ ಅಪ್ಪನಿಗೆ, ಬುರುಲ್ ಮಾಡುವ ಸಲಾಮು.

ಹೇಗಿದ್ದೀರಿ? ಗೋದಾಮಿನಲ್ಲಿ ಭಾರ ಎತ್ತಿ ಹಿಡಿದುಕೊಂಡಿದ್ದ ಸೊಂಟ ಈಗ ಪರವಾಗಿಲ್ಲವೇ? ಅಲ್ಲಿ ನಮ್ಮಲ್ಲಿಗಿಂತ ಚಳಿ ಜಾಸ್ತಿಯಂತೆ. ಎನೆ ಹೆಣೆದುಕೊಟ್ಟ ಉಣ್ಣೆಯ ಒಳಂಗಿ ಹಾಕಿಕೊಳ್ಳುತ್ತಿದ್ದೀರೋ ಇಲ್ಲವೋ? ಹಾಕಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಹೇಳುವುದು ನನ್ನ ಕೆಲಸ, ಹೇಳಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಅಪ್ಪನ, ನಮ್ಮ ಆತಾನ ಮಂಡಿನೋವು ಹಿಮ ಬೀಳುವ ಮೊದಲೇ ಶುರುವಾಗಿದೆ, ಆದರೂ ಕುದುರೆಗೆ ಮೇವು ಹಾಕಲು ಬೇರೆ ಯಾರನ್ನೂ ಬಿಡುವುದಿಲ್ಲ. ಎನೆಗೆ ವೈದ್ಯರು ಉಪ್ಪು ಕಡಿಮೆ ಮಾಡಿ ಎಂದರು. ಅಂದಿನಿಂದ ನಿಮ್ಮ ಅವ್ವ ಆ ವೈದ್ಯರಿಗೆ ಶಾಪ ಹಾಕುವುದನ್ನು ಜಾಸ್ತಿ ಮಾಡಿದ್ದಾರೆ, ಉಪ್ಪು ಇದ್ದಷ್ಟೇ ಇದೆ. ಮೇರಿಮ್ ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ನೀವು ತಂದುಕೊಟ್ಟಿದ್ದ ಕೆಂಪು ಕೋಟಿನ ತೋಳು ಅವಳಿಗೆ ಮೊಳಕೈವರೆಗೂ ಬರುವುದಿಲ್ಲ, ಕೊಡು ಅಂದರೆ ಕೊಡುವುದೂ ಇಲ್ಲ, ಮೇಲೆ ಇನ್ನೊಂದು ಹಾಕಿಕೊಂಡು ಅದನ್ನು ಒಳಗೆ ಹಾಕಿಕೊಳ್ಳುತ್ತಾಳೆ.

ಕಾಗದ ಕಂಡು ನಗಬೇಡಿ. ಈ ಕಾಲದಲ್ಲಿ ಕಾಗದ ಬರೆಯುವವರು ಯಾರಿದ್ದಾರೆ ಎಂದು ನನಗೂ ಗೊತ್ತು. ಆದರೆ ನಿಮ್ಮ ನಂಬರಿಗೆ ಮಾಡಿದರೆ ಒಬ್ಬ ಹೆಂಗಸು ರಷ್ಯನ್ ಭಾಷೆಯಲ್ಲಿ ಈ ನಂಬರು ಚಾಲ್ತಿಯಲ್ಲಿಲ್ಲ ಎನ್ನುತ್ತಾಳೆ. ಅವಳ ದನಿ ನನಗೆ ಎಷ್ಟು ಪರಿಚಯವಾಗಿದೆ ಎಂದರೆ, ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿದು ಜಗಳಕ್ಕೆ ನಿಂತುಬಿಡುತ್ತೇನೆ. ತನ್ನ ತಂಗಿಯ ಮದುವೆಗೆಂದು ಬಂದಿದ್ದ ನಿಮ್ಮ ಚಿಕ್ಕಪ್ಪನ ಮಗ ಸಾಗಿನ್ ನಾಳೆ ವಾಪಸು ಹೊರಟಿದ್ದಾನೆ. ಇಬ್ಬರೂ ಒಂದೇ ಊರಿನಲ್ಲಿದ್ದೀರಿ ತಾನೇ, ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. ಅವನು ಬಂದ ದಿನ ನಿಮ್ಮ ಬಗ್ಗೆ ಕೇಳಿದೆ. "ಚೆನ್ನಾಗಿದ್ದಾನೆ ಅತ್ತಿಗೆ, ಆರಾಮಾಗಿದ್ದಾನೆ" ಎಂದ. ನನ್ನ ಮುಖ ನೋಡದೆ ಬೂಟಿನ ದಾರ ಬಿಚ್ಚುತ್ತ ಕೂತ. ಆ ದಾರ ಬಿಚ್ಚುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ನಾನು ಇನ್ನೇನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾನೋ ಎಂದು ಭಯವಾಯಿತು.

ಅವನೇ ನಿಮ್ಮ ಮಾತನ್ನು ತಂದದ್ದು. ಫೋನು ಕಳೆದುಹೋಗಿದೆ, ನವೆಂಬರಿನ ಮೊದಲ ಭಾನುವಾರ ಮಧ್ಯಾಹ್ನ ಯಾರದೋ ಕಂಪ್ಯೂಟರಿನಿಂದ ಮುಖ ಕಾಣುವ ಹಾಗೆ ಕರೆಯುತ್ತೇನೆ, ಮೇರಿಮ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡಿರು. ಇಷ್ಟೇ ಮಾತು. ಆದರೂ ಅದನ್ನು ಕೇಳಿದ ದಿನ ನಾನು ಇಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲಿನ ಮೆಟ್ಟಿಲನ್ನು ಹುಡುಗಿಯರ ಹಾಗೆ ಹತ್ತಿದೆ. ಊರಿನಲ್ಲಿ ನೆಟ್ ಬರುವುದಿಲ್ಲ, ನನ್ನದೋ ಗುಂಡಿ ಒತ್ತುವ ಫೋನು. ಆದರೆ ನೀವು ಹೋದ ಸಲ ಬಂದಾಗ ತಂದ ಕಂಪ್ಯೂಟರು ಇಲ್ಲಿ ನನ್ನ ಮಂಚದ ಕೆಳಗೇ ಇದೆ, ವಿಶ್ವವಿದ್ಯಾಲಯದ ನೆಟ್ ಗೋಡೆ ಗೋಡೆಯಿಂದಲೂ ಬರುತ್ತದೆ ಎನ್ನುತ್ತಾರೆ. ಇನ್ನೇನು ಬೇಕು?

ನಾನು ಇಲ್ಲಿ ಹೇಗಿದ್ದೇನೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೇಲಿನ ಪದವಿ ಮಾಡಿಕೊಂಡು ಬಂದರೆ ಲೆಕ್ಕದ ಮೇಡಂ ಆಗಿಯೇ ಇರಬಹುದು ಎಂದು ಶಾಲೆಯವರು ಕಳಿಸಿದರು. ಬಂದೆ. ಕೋಣೆಯಲ್ಲಿ ಎರಡು ಮಂಚ. ಇನ್ನೊಂದರಲ್ಲಿ ತಲಾಸ್ ಕಡೆಯ ನಾಜಿಕ್ ಎನ್ನುವ ಹುಡುಗಿ. ನನ್ನ ಅರ್ಧ ವಯಸ್ಸಿನವಳು, ಬಾಯಿ ಮಾತ್ರ ನನ್ನ ಎರಡರಷ್ಟು. ಇಲ್ಲಿ ಎಲ್ಲರಿಗೂ ನಾನು ಎಜೆ, ದೊಡ್ಡಕ್ಕ. ತರಗತಿಯಲ್ಲಿ ಮೇಷ್ಟರಿಗೇ ನನಗಿಂತ ವಯಸ್ಸು ಕಡಿಮೆ. ನಾನು ಕೈಯೆತ್ತಿದರೆ ಅವರು ಎದ್ದು ನಿಲ್ಲಲು ಹೋಗುತ್ತಾರೆ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಅಡುಗೆಮನೆಯಲ್ಲಿ ಹುಡುಗಿಯರೆಲ್ಲ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ಅವ್ವನ ಹತ್ತಿರವೋ ಇನ್ಯಾರ ಹತ್ತಿರವೋ ಮಾತಾಡುತ್ತಿರುತ್ತಾರೆ. ನಾನು ಆಲೂಗಡ್ಡೆ ಸುಲಿಯುತ್ತ ಅವರ ಅವ್ವಂದಿರ ಸುದ್ದಿಯನ್ನೆಲ್ಲ ಕೇಳಿಸಿಕೊಳ್ಳುತ್ತೇನೆ. ಯಾರ ಹಸು ಕರು ಹಾಕಿತು, ಯಾರ ಅಣ್ಣ ಕಾರು ಕೊಂಡ, ಎಲ್ಲ ನನಗೆ ಗೊತ್ತು. ನನ್ನ ಮನೆಯದೊಂದು ಬಿಟ್ಟು. ನನಗೆ ಇಲ್ಲಿ ತುಂಬ ಒಂಟಿ ಅನ್ನಿಸುತ್ತದೆ. ಇದನ್ನು ಬರೆಯಬಾರದು ಎಂದುಕೊಂಡೇ ಕೂತೆ, ಬರೆದಾಯಿತು, ಹೊಡೆದುಹಾಕುವುದಿಲ್ಲ.

ಕಂಪ್ಯೂಟರಿನ ಕಥೆ ಕೇಳಿ. ಸೇರಿದ ದಿನ ಎಲ್ಲರಿಗೂ ಒಂದು ಚೀಟಿ ಕೊಟ್ಟರು, ಅದರಲ್ಲಿ ನೆಟ್‌ಗೆ ನಮ್ಮ ಗುರುತು, ಪಾಸ್‌ವರ್ಡು. ಅದನ್ನು ಹೊಡೆದು ಒಳಗೆ ಹೋಗಬೇಕು. ನಾನು ಲೆಕ್ಕದವಳು, ಒಂದೊಂದೇ ಅಕ್ಷರ ನೋಡಿ ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ. ತಪ್ಪು. ಹೊಡೆದದ್ದು ಸರಿಯೋ ಎಂದು ನೋಡೋಣ ಎಂದರೆ ಅಕ್ಷರದ ಬದಲು ಬರೀ ಚುಕ್ಕಿಗಳು ಕಾಣುತ್ತವೆ. ಮೂರನೆಯ ಸಲ ಸಿಟ್ಟಿನಲ್ಲಿ ಕೀಲಿ ಕುಟ್ಟಿದೆ, ನೆಟ್ಟಿನ ಬಾಗಿಲು ಮುಚ್ಚಿಯೇ ಹೋಯಿತು. ನಾಜಿಕ್ ಬಂದು ನೋಡಿ ಹಣೆ ಚಚ್ಚಿಕೊಂಡಳು. ನಿಮ್ಮ ಕಂಪ್ಯೂಟರು ರಷ್ಯನ್ ಅಕ್ಷರದಲ್ಲಿ ಕೂತಿದೆ, ಚುಕ್ಕಿಯ ಹಿಂದೆ ಅದು ಬರೆದುಕೊಂಡಿದ್ದೇ ಬೇರೆ. "ಎಜೆ, ಈಗ ಬಿಷ್ಕೆಕ್‌ಗೆ ಯೂನಿವರ್ಸಿಟಿ ಆಫೀಸಿಗೆ ಫೋನ್ ಮಾಡ್ಬೇಕು, ಅಲ್ಲಿಂದಾನೇ ತೆಗೀಬೇಕು. ಎರಡು ನಿಮಿಷದ ಕೆಲಸ" ಎಂದಳು. ಎರಡು ನಿಮಿಷದ ಕೆಲಸ ಯಾವುದು ಎಂದು ಅವಳಿಗೇನು ಗೊತ್ತು?

ಫೋನು ಎತ್ತಿದವನು ಒಳ್ಳೆಯ ದನಿಯ ಹುಡುಗ. ಕೆಲಸ ಮಾಡಿ ಸುಸ್ತಾದ ದನಿ, ಆದರೂ ಮರ್ಯಾದೆಯಿಂದಲೇ ಮಾತಾಡಿದ. ಪೂರ್ತಿ ಹೆಸರು ಹೇಳಿ, ಮೊದಲು ಮನೆತನದ್ದು ಎಂದ. ನಾನು ಬುರುಲ್ ಎಂದೆ. "ಅದು ನಿಮ್ಮ ಹೆಸರಾಯ್ತು, ಮನೆತನದ್ದು?" ಎಂದ. ಅದು ನಿಮ್ಮ ದಾಖಲೆಯಲ್ಲಿದೆ, ನೋಡಿಕೊಳ್ಳಿ ಎಂದೆ. "ದಾಖಲೇಲಿ ಇರೋದು ನನಗೂ ಕಾಣ್ತಾ ಇದೆ ಮೇಡಂ. ಅದನ್ನ ನಿಮ್ಮ ಬಾಯಿಂದ ನೀವೇ ಹೇಳ್ಬೇಕು. ಇಲ್ಲದಿದ್ರೆ ನೀವೇ ಅಂತ ನಾನು ಹೇಗೆ ತಿಳ್ಕೊಳ್ಳಲಿ?" ಎಂದ. ಅವನು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಬಾಯಿಗೆ ಬೀಗ ಬಿದ್ದಿತ್ತು. ನಾಜಿಕ್ ಫೋನು ಕಿತ್ತುಕೊಂಡು ತಾನೇ ಹೇಳಿದಳು. ಆ ಕಡೆಯಿಂದ, "ನೀವ್ಯಾರು? ಈಗ ಮಾತಾಡ್ತಾ ಇದ್ದವರು ಎಲ್ಲಿ ಹೋದ್ರು?" ಎಂದು ಕೇಳಿ ಹುಡುಗ ಫೋನು ಇಟ್ಟುಬಿಟ್ಟ. ಯಾರೋ ಕಳ್ಳಿಯರು ಎಂದುಕೊಂಡಿರಬೇಕು.

ನೀವು ಈಗ ನಗುತ್ತಿರಬಹುದು. ನಾಜಿಕ್ ಅಂತೂ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಎಜೆ, ನಿಮ್ಮ ಮಾವ ಊರಲ್ಲಿ ಕೂತು ಚಹಾ ಕುಡೀತಾ ಇದ್ದಾರೆ, ಅವರ ಹೆಸರು ಇಲ್ಲಿ ಹೇಳಿದ್ರೆ ಅವರಿಗೇನ್ ಕೇಳ್ಸುತ್ತಾ?" ಎಂದಳು. ಅವರ ಕಿವಿಗಲ್ಲ ಹುಡುಗಿ, ನನ್ನ ಬಾಯಿಗೆ ಎಂದೆ. ಅವಳ ಮನೆಯಲ್ಲಿ ಸೊಸೆಯರು ಎಲ್ಲರ ಹೆಸರನ್ನೂ ಹೇಳುತ್ತಾರಂತೆ. ಹೇಳಲಿ. ನನ್ನ ತಲೆಗೆ ಮದುವೆಯ ಬಿಳಿ ವಸ್ತ್ರ ಹೊದಿಸಿದ ಸಂಜೆಯೇ ಎನೆ ಹತ್ತಿರ ಕೂರಿಸಿಕೊಂಡು, ಈ ಮನೆಯಲ್ಲಿ ಯಾವ ಯಾವ ಹೆಸರು ನಿನ್ನ ನಾಲಗೆಗೆ ಬರಬಾರದು ಎಂದು ಕಿವಿಯಲ್ಲಿ ಹೇಳಿದ್ದರು. ಆ ಹೆಸರುಗಳನ್ನು ಅವರೂ ಹೇಳದೆ, ಆ ಮೂಲೆಯಲ್ಲಿ ಕೂತವರದು, ಕುದುರೆ ಕಟ್ಟುತ್ತಿರುವವರದು ಎಂದು ಕಣ್ಣಲ್ಲೇ ತೋರಿಸಿದ್ದರು. ಬರೆಯಲು ಅಡ್ಡಿಯಿಲ್ಲ. ನನ್ನ ಹೆಸರಿನ ಹಿಂದೆಯೇ ಆತಾನ ಹೆಸರೇ ಮನೆತನದ ಹೆಸರಾಗಿ ಬಂದು ಕೂತ ಮೇಲೆ ಬರೆಯದೆ ಏನು ಮಾಡುವುದು? ಆದರೆ ಬಾಯಿ ಬಿಟ್ಟು ಹೇಳುವ ಪ್ರಸಂಗ ಯಾವತ್ತೂ ಬರಲಿಲ್ಲ. ಎಲ್ಲ ಕಚೇರಿಯಲ್ಲೂ ಪಾಸ್‌ಪೋರ್ಟು ಮುಂದಿಟ್ಟು ಸುಮ್ಮನೆ ನಿಂತರೆ ನಡೆಯುತ್ತಿತ್ತು. ನಾನು ಕಲಿಸುವ ಮೂರನೆಯ ತರಗತಿಗೆ ಆತಾನದೇ ಹೆಸರಿನ ಹುಡುಗ ಬಂದಾಗ ವರ್ಷವಿಡೀ ಅವನನ್ನು ಕಿಟಕಿ ಪಕ್ಕದವನೇ ಎಂದೇ ಕರೆದೆ. ಅವನ ಜಾಗ ಬದಲಾಯಿಸಿದ ಮೇಲೂ ಅದೇ ಹೆಸರು ಉಳಿಯಿತು. ಫೋನಿನೊಳಗೆ ಪಾಸ್‌ಪೋರ್ಟು ತೂರಿಸಲು ಆಗುವುದಿಲ್ಲವಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿಬಿಡಿ ಎಂದಳು ನಾಜಿಕ್. ತುಂಡು ಮಾಡಿ ಹೇಳಿದರೂ ಹೇಳಿದ್ದೇ ಅಲ್ಲವೇ?

ನಿಮ್ಮ ಹೆಸರೂ ಹಾಗೆಯೇ ತಾನೇ. ಕೇಳಿ, ನೋಡಿ, ಮೇರಿಮ್‌ಳ ಅಪ್ಪ, ಇಷ್ಟರಲ್ಲೇ ನಮ್ಮ ಸಂಸಾರ ನಡೆದಿದೆ. ಮದುವೆಯಾದ ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದೆವು, ನೆನಪಿದೆಯೇ? ಮಂಜು ಇಳಿದು ಗುಡಾರ ಕಾಣದಂತಾಗಿ, ನೀವು ತಪ್ಪಿಸಿಕೊಂಡ ಮರಿಕುದುರೆ ಹುಡುಕಲು ಹೋದವರು ಬರಲೇ ಇಲ್ಲ. ನಾನು ಹೊರಗೆ ನಿಂತು ಹೋಯ್, ಹೋಯ್ ಎಂದು ಕೂಗಿದೆ. ಆ ಇಳಿಜಾರಿನಲ್ಲಿದ್ದ ಗಂಡಸರೆಲ್ಲ ತಿರುಗಿ ಬಂದರು, ನೀವೊಬ್ಬರನ್ನು ಬಿಟ್ಟು. ಆಮೇಲೆ ಬಂದ ನೀವು, "ಯಾರನ್ನೋ ಕೂಗ್ತಾ ಇದ್ದಾರೆ ಅಂದ್ಕೊಂಡೆ" ಎಂದಿರಿ. ಅವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಆ ಮಾತು ಆಗಾಗ ನೆನಪಾಗುತ್ತದೆ, ನಗು ಬರುವುದಿಲ್ಲ.

ಆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಹಿಂದಿನ ದಿನವೇ ಮೇರಿಮ್‌ಳನ್ನು ಊರಿನಿಂದ ಕರೆಸಿಕೊಂಡೆ. ಬಾಗಿಲು ಕಾಯುವ ಹೆಂಗಸಿಗೆ ಎನೆ ಕಳಿಸಿದ ಬೆಣ್ಣೆ ಕೊಟ್ಟು ಒಳಗೆ ಬಿಡಿಸಿಕೊಂಡೆ. ಅಷ್ಟರೊಳಗೆ ಮತ್ತೆ ಎರಡು ಸಲ ಬಿಷ್ಕೆಕ್‌ಗೆ ಫೋನು ಮಾಡಿದ್ದೆ, ಎರಡು ಸಲವೂ ಹೆಸರು ಕೇಳಿದ ಕೂಡಲೇ ಇಟ್ಟಿದ್ದೆ. ನಾಜಿಕ್ ತನ್ನ ಫೋನಿನ ನೆಟ್ಟನ್ನೇ ಕಂಪ್ಯೂಟರಿಗೆ ಹಾಯಿಸಲು ನೋಡಿದಳು. ಅವಳದು ಗೋಡೆಗೆ ಸಿಕ್ಕಿಸಿದರೆ ಮಾತ್ರ ಬದುಕುವ ಮುದಿ ಫೋನು, ಬಿಸಿಯಾಗಿ ಆರಿಹೋಯಿತು. ಮುಖ ಕಾಣುವ ಕರೆಯ ನನ್ನ ಖಾತೆಯನ್ನು ಆ ಫೋನಿನಲ್ಲೇ ತೆರೆಯೋಣ ಎಂದರೆ, ಅದನ್ನು ಮಾಡಿಟ್ಟವರು ನೀವು, ಗುಟ್ಟಿನ ಅಂಕಿ ನಿಮಗೇ ಗೊತ್ತು. ಮೇರಿಮ್ ತಲೆ ಬಾಚಿಕೊಂಡು, ಒಳಗಿನ ಕೆಂಪು ಕೋಟನ್ನು ಮೇಲೆ ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಳು. ನೆಟ್ ಇಲ್ಲ ಕಂದ ಎಂದೆ. "ಇರ್ಲಿ ಅಮ್ಮ, ಒಂದ್ ವೇಳೆ ಬಂದ್ರೆ" ಎಂದಳು. ಕತ್ತಲಾಗುವವರೆಗೆ ಕೂತಿದ್ದಳು. ಪಾಪ, ಅಪ್ಪ ಅಲ್ಲಿ ಕರೆದು ಕರೆದು ಸಾಕಾಗಿರುತ್ತಾನೆ, ಹಾಳು ನೆಟ್ಟಿನಿಂದ ಹೀಗಾಯಿತು ಎಂದು ನಾನೇ ಸಮಾಧಾನ ಮಾಡಿದೆ. ಅವಳು ತಲೆಯಾಡಿಸಿದಳು. ರೊಟ್ಟಿ ತಿನ್ನಲಿಲ್ಲ. ನನ್ನ ಬಾಯಿಯ ಮೇಲೆ ನನಗೇ ಕೋಪ ಬಂತು. ಒಂದು ಹೆಸರಿಗೋಸ್ಕರ ಮಗಳನ್ನು ಹೀಗೆ ಕೂರಿಸಿದೆನಲ್ಲ.

ಅದಕ್ಕೇ ಹೋದ ಶನಿವಾರ ಊರಿಗೆ ಹೋದೆ. ಚಳಿಗಾಲದ ಮಾಂಸಕ್ಕೆಂದು ಸಾಕಿದ್ದ ಇನ್ನೊಂದು ಕುದುರೆಯನ್ನು ಕಡಿದಿದ್ದರು. ಎನೆ ನಿಮ್ಮ ಪಾಲಿನ ಮೂಳೆಯನ್ನು ಎತ್ತಿಟ್ಟಿದ್ದಾರೆ, ಬೆಕ್ಕು ಆ ಕಡೆ ತಿರುಗಿದರೂ ಗದರುತ್ತಾರೆ. ಊಟವಾಗಿ ಚಹಾ ಬಂದಾಗ ನಾನು ತಲೆ ತಗ್ಗಿಸಿ ವಿಷಯ ಹೇಳಿದೆ. ಹೆಸರು ಹೇಳದೆ ನೆಟ್ ಕೊಡುವುದಿಲ್ಲವಂತೆ, ಅಪ್ಪಣೆ ಕೊಟ್ಟರೆ ಒಂದೇ ಒಂದು ಸಲ ಹೇಳುತ್ತೇನೆ ಎಂದೆ. ಎನೆಯ ಕೈಯಲ್ಲಿದ್ದ ಬಟ್ಟಲು ನಿಂತುಹೋಯಿತು. "ಇಷ್ಟು ವರ್ಷ ಒಂದೇ ಹಾಸಿಗೇಲಿ ಮಲಗಿದೋಳು ನಾನೇ ಹೇಳಿಲ್ಲ. ಇವಳು ಟೆಲಿಫೋನಲ್ಲಿ ಕಂಡು ಕೇಳದೋನಿಗೆ ಹೇಳ್ತಾಳಂತೆ. ಚೆನ್ನಾಗಿದೆ ಓದು" ಎಂದರು. ಆತಾ ಚಹಾಕ್ಕೆ ರೊಟ್ಟಿ ಅದ್ದುತ್ತ ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ.

ರೊಟ್ಟಿ ಮುಗಿದ ಮೇಲೆ ಅವರು ಮಾತಾಡಿದರು, ನನ್ನ ಹತ್ತಿರವಲ್ಲ, ಬಟ್ಟಲಿನ ಹತ್ತಿರ ಎನ್ನುವ ಹಾಗೆ. "ನನ್ನ ಹೆಸರು ಹಿಡಿದು ಕರೀತಾ ಇದ್ದೋನು ಕೊನೆಗೆ ನನ್ನ ಜೊತೆಗಾರ ಶೇರ್ಗಾಜಿ ಒಬ್ಬ. ಅವನನ್ನ ಮಣ್ಣು ಮಾಡಿ ಬಂದ್ವಿ. ಅಣ್ಣಂದಿರೆಲ್ಲ ಮೊದಲೇ ಹೋದ್ರು. ಮಕ್ಕಳಿಗೆ ಆತಾ, ಊರಿಗೆ ಹಿರಿಯ, ಇವಳಿಗೆ 'ಕೇಳಿಸ್ತಾ'. ಈಗ ನನ್ನ ಹೆಸರು ಅಂತ ಒಂದು ಇದೆ ಅನ್ನೋದು ಆಸ್ಪತ್ರೆಯೋರಿಗೆ ಬಿಟ್ಟು ಯಾರಿಗೆ ಬೇಕು?" ಎಂದರು. ಎನೆ ಬಟ್ಟಲು ಕೆಳಗಿಟ್ಟರು. ಆಮೇಲೆ ಆತಾ ನನ್ನ ಕಡೆ ತಿರುಗಿ, "ಹೇಳು ಮಗಳೇ, ಒಂದಲ್ಲ ಹತ್ತು ಸಲ ಹೇಳು. ಆದ್ರೆ ನಾನಿಲ್ಲದಾಗ ಹೇಳಬೇಡ. ನಾನೂ ಬರ್ತೀನಿ, ನಂಗೆ ಕೇಳ್ಬೇಕು" ಎಂದರು. ಈ ಮಂಡಿ ಇಟ್ಟುಕೊಂಡು ಅಷ್ಟು ದೂರವೇ ಎಂದು ಎನೆ ರೇಗಿದರು. ಮರುದಿನ ಅವರೇ ಹೊಸ ತುಪ್ಪಳದ ಟೋಪಿ ತೆಗೆದು ಕೊಡವಿ ಕೊಟ್ಟರು.

ಸೋಮವಾರ ಇಬ್ಬರೂ ವ್ಯಾನಿನಲ್ಲಿ ಬಂದೆವು. ದಾರಿಯುದ್ದಕ್ಕೂ ಆತಾ ಮದುವೆಗೆ ಹೊರಟವರ ಹಾಗೆ ನೆಟ್ಟಗೆ ಕೂತಿದ್ದರು. ಹಾಸ್ಟೆಲಿನ ಬಾಗಿಲು ಕಾಯುವ ಹೆಂಗಸು ಗಂಡಸರನ್ನು ಒಳಗೆ ಬಿಡುವುದಿಲ್ಲ ಎಂದು ಎದ್ದವಳು ಅವರ ಟೋಪಿ, ಗಡ್ಡ ನೋಡಿ ತಾನೇ ಬಾಗಿಲು ಹಿಡಿದು ನಿಂತಳು. ನಾಜಿಕ್ ಕೋಣೆಯಲ್ಲಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿ ಹಾಸಿಗೆ ಕೆಳಗೆ ತುರುಕಿದಳು. ಆತಾ ಅವಳಿಗೆ ಜೇಬಿನಿಂದ ಒಂದು ಹಿಡಿ ಒಣಮೊಸರಿನ ಉಂಡೆ ತೆಗೆದುಕೊಟ್ಟು, ನನ್ನ ಮಂಚದ ತುದಿಯಲ್ಲಿ ಕೋಲು ಊರಿಕೊಂಡು ಕೂತರು. ನಾನು ಫೋನು ಮಾಡಿ, ದನಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಅದೇ ಹುಡುಗ. "ಮನೆತನದ ಹೆಸರು ಹೇಳಿ" ಎಂದ. ನನಗೆ ನಾಚಿಕೆಯಾಗದಿರಲಿ ಎಂದು ಆತಾ ಮುಖ ಕಿಟಕಿಯ ಕಡೆ ತಿರುಗಿಸಿದರು. ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ: ಜಾನಿಶೊವಾ.

ಆತಾ ಕಿಟಕಿಯ ಕಡೆಯಿಂದಲೇ, "ಓ" ಎಂದರು. ಅಂಗಳದಿಂದ ಯಾರೋ ಕರೆದಾಗ ಒಳಗಿನಿಂದ ಓಗೊಡುತ್ತೇವಲ್ಲ, ಹಾಗೆ. ಬೇಕೆಂದು ಹೇಳಿದ್ದಲ್ಲ, ತಾನಾಗಿ ಬಂದುಬಿಟ್ಟಿತು ಎಂದು ಆಮೇಲೆ ಅವರೇ ಹೇಳಿದರು. "ಯಾರದು, ಪಕ್ಕದಲ್ಲಿ ಯಾರಿದ್ದಾರೆ?" ಎಂದ ಫೋನಿನ ಹುಡುಗ. "ನಾನಪ್ಪ. ಹೆಸರು ನಂದು. ನೀನು ನಿನ್ನ ಕೆಲಸ ಮಾಡು" ಎಂದರು ಆತಾ. ಹುಡುಗನಿಗೆ ಏನು ಅರ್ಥವಾಯಿತೋ, ದನಿ ಮೆತ್ತಗೆ ಮಾಡಿ, "ಆಗ್ಲಿ ತಾತ" ಎಂದು ಹೊಸ ಪಾಸ್‌ವರ್ಡು ಹೇಳಿದ. ಅಕ್ಷರ ರಷ್ಯನ್ನೋ ಇಂಗ್ಲಿಷೋ ಎಂದು ನಾಜಿಕ್ ಎರಡು ಸಲ ನೋಡಿದಳು, ನಾನು ಹೊಡೆದೆ. ಪರದೆಯ ಮೂಲೆಯಲ್ಲಿ ಮಂಕಾಗಿದ್ದ ನೆಟ್ಟಿನ ಪುಟ್ಟ ಕಮಾನುಗಳು ಒಂದರ ಮೇಲೊಂದು ಬೆಳ್ಳಗಾದವು. "ಇಷ್ಟೇನಾ?" ಎಂದರು ಆತಾ. ಇಷ್ಟೇ ಆತಾ ಎಂದೆ. "ಏನಾದ್ರೂ ಸದ್ದು ಬರ್ತದೆ ಅಂದ್ಕೊಂಡಿದ್ದೆ" ಎಂದರು.

ನಂತರ ಅವರು ಮಂಚದಿಂದೆದ್ದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಟೋಪಿ ಸರಿಮಾಡಿಕೊಂಡು, "ನಮ್ಮ ಹುಡುಗ ಆ ಭಾನುವಾರ ಕರೆದಿದ್ದನಾ, ಅದರಲ್ಲಿ ಕಾಣ್ತದಾ?" ಎಂದು ಕೇಳಿದರು. ನಾನು ಏನೋ ಒಂದು ಹೇಳಿದೆ. ಅದನ್ನು ಈಗ ಬರೆಯುವುದಿಲ್ಲ. ಅವರು ಹ್ಞೂಂ ಎಂದರು, ಪರದೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು, ಹೊರಡೋಣ ಎಂದರು. ವ್ಯಾನು ಹೊರಡುವ ಜಾಗದಲ್ಲಿ ನದಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ವ್ಯಾನು ಹತ್ತಲು ಕೈ ಕೊಟ್ಟೆ. ನನ್ನ ಕೈ ಬಿಡದೆ ಅವರು ಹೇಳಿದರು: "ಹೆಸರು ಹಿಡಿದು ಕರೆದ್ರೆ ಎಷ್ಟು ದೂರದಲ್ಲಿದ್ದೋನಿಗೂ ಒಂದು ಸಲ ತಿರುಗಿ ನೋಡೋಣ ಅನ್ಸತ್ತೆ, ಮಗಳೇ. ನಂಗೇ ಅನ್ನಿಸ್ತಲ್ಲ. ಅಲ್ಲಿ ಅವನನ್ನ ಯಾರು ಏನಂತ ಕರೀತಾರೋ. ನಿನ್ನ ಬಾಯಿ ಒಂದು ಹೆಸರು ಕಲ್ತಾಯ್ತು, ಇನ್ನೊಂದಕ್ಕೂ ನನ್ನ ಅಪ್ಪಣೆ ಇದೆ." ಅಷ್ಟು ಹೇಳಿ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡರು. ವ್ಯಾನು ಹೊರಟ ಮೇಲೂ ನಾನು ಅಲ್ಲೇ ನಿಂತಿದ್ದೆ.

ಇಷ್ಟು ಇಲ್ಲಿಯ ಸಮಾಚಾರ. ಸಾಗಿನ್ ಕೈಯಲ್ಲಿ ಒಣಮಾಂಸ, ಎನೆ ಕರಿದ ಹಿಟ್ಟಿನ ಉಂಡೆ, ಒಂದು ಜೊತೆ ಕಾಲುಚೀಲ 
ಕಳಿಸಿದ್ದೇನೆ. ಕಾಲುಚೀಲ ಮೇರಿಮ್ ಹೆಣೆದದ್ದು, ಒಂದು ಉದ್ದ ಒಂದು ಗಿಡ್ಡ, ಏನೂ ಅನ್ನದೆ ಹಾಕಿಕೊಳ್ಳಿ. ಆತಾ, ಎನೆ ಆಶೀರ್ವಾದ ತಿಳಿಸಿದ್ದಾರೆ. ನಾಜಿಕ್ ಕೂಡ ಸಲಾಮು ಹೇಳು ಎಂದಳು, ಅವಳಿಗೆ ನಿಮ್ಮನ್ನು ನೋಡದೆಯೇ ಸಲುಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸೊಂಟ ನೋಡಿಕೊಳ್ಳಿ, ಜೀವ ಜೋಪಾನ.

ನಿಮ್ಮ ಮನೆಯವಳು,
ಜಾನಿಶೊವಾ ಬುರುಲ್

ತಾ.ಕ.: ಸಾಗಿನ್ ಬೇಗ ಬಂದುಬಿಟ್ಟ, ಕೆಳಗೆ ಹಾರ್ನು ಹೊಡೆಯುತ್ತಿದ್ದಾನೆ. ಆತಾನಿಗೆ ನಾನು ಹೇಳಿದ್ದು ಸುಳ್ಳು. ನೆಟ್ ಇಲ್ಲದಾಗ ಬಂದ ಕರೆ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ ಆತಾ ಎಂದೆ. ಉಳಿಯುತ್ತದೆ. ನೆಟ್ ಬಂದ ಕೂಡಲೇ ಹಿಂದಿನದೆಲ್ಲ ಸಾಲಾಗಿ ಬಂದು ನಿಂತಿತು. ನನ್ನ ತಂಗಿ ಕರೆದಿದ್ದಳು, ಶಾಲೆಯವರು ಕರೆದಿದ್ದರು. ನಿಮ್ಮದು ಒಂದೂ ಇರಲಿಲ್ಲ. ಆ ಭಾನುವಾರವೂ ಇಲ್ಲ, ಅದರ ಮುಂದಿನದರಲ್ಲೂ ಇಲ್ಲ. ನೆಟ್ ಇಲ್ಲದಿದ್ದಾಗಲೇ ಚೆನ್ನಾಗಿತ್ತು, ಅಲ್ಲಿ ಕೂತು ಕರೆಯುತ್ತಿದ್ದೀರಿ ಎಂದು ನಂಬಿಕೊಂಡಿದ್ದೆ. ಮೇರಿಮ್ ಈಗಲೂ ನೆಟ್ಟನ್ನೇ ಬೈಯುತ್ತಾಳೆ. ಬರುವ ಭಾನುವಾರ ಮತ್ತೆ ಆ ಕೋಟು ಹಾಕಿಕೊಂಡು ಬಂದು ಕೂರುತ್ತಾಳೆ, ಈ ಸಲ ಅವಳಿಗೆ ಹೇಳಲು ನನ್ನ ಹತ್ತಿರ ಯಾವ ನೆಪವೂ ಇಲ್ಲ. ಕರೆ. ಬರುವುದಿಲ್ಲ ಎನ್ನುವುದಾದರೆ ಅದನ್ನೂ ನಿನ್ನ ಬಾಯಿಂದ ನೀನೇ ಹೇಳು, ಸಾಗಿನ್ ಕೈಯಲ್ಲಿ ಹೇಳಿಸಬೇಡ. ಈ ಸಲ ಹೋಯ್ ಎನ್ನುತ್ತಿಲ್ಲ, ಬೇರೆ ಯಾರನ್ನೋ ಕೂಗಿದೆ ಎಂದು ತಿಳಿಯಬೇಡ. ಬೋಲೋತ್. ಇದನ್ನು ಬರೆಯುವ ಮೊದಲು ಬಾಗಿಲು ಹಾಕಿಕೊಂಡು ಬಾಯಿ ಬಿಟ್ಟು ಹೇಳಿದ್ದೇನೆ. ಬೋಲೋತ್, ಒಂದು ಸಲ ಓ ಅನ್ನು.